ಎರಡನೇ ಮಹಡಿಯ ಬುಟ್ಟಿ

ಧಡ್!

ಅದರ ಬೆನ್ನಿಗೇ ಹಲಗೆಯ ಇನ್ನೊಂದು ತುದಿ ಗಾಳಿಗೆ ಎದ್ದು ಕೆಳಗೆ ಬಡಿದ ಟಪ್. ಆಮೇಲೆ ಇಡೀ ಕ್ಲಾಸಿನ ನಗು.

ಇದು ನಾನು ಬೆಂಚಿನಿಂದ ಬಿದ್ದ ಸದ್ದು. ಅರವತ್ತು ವರ್ಷದ ಮೇಲಾಯಿತು, ಕಿವಿಯಲ್ಲಿ ಇನ್ನೂ ಫ್ರೆಶ್ ಆಗಿದೆ. ಇವತ್ತು ಬೆಳಿಗ್ಗೆ ಅಡುಗೆಮನೆಯ ಮೊಳೆಯಿಂದ ಈರುಳ್ಳಿ ಬುಟ್ಟಿ ಕಳಚಿ ಬಿದ್ದಾಗ ಅದೇ ಸದ್ದು ಮತ್ತೆ ಕೇಳಿಸಿತು. ಈರುಳ್ಳಿಗಳು ಫ್ರಿಜ್ಜಿನ ಅಡಿಗೆ, ಸ್ಟೂಲಿನ ಅಡಿಗೆ ಉರುಳಿಹೋದವು. ನಾನು ನೆಲದ ಮೇಲೆ ಕೂತು ಒಂದೊಂದನ್ನೇ ಹೆಕ್ಕಿದೆ. ಹೌದು, ನೆಲದ ಮೇಲೆ! ಈ ವಯಸ್ಸಿನಲ್ಲಿ, ಈ ಮೊಣಕಾಲಿನಲ್ಲಿ! ಬುಟ್ಟಿಯ ಹಿಡಿಕೆಗೆ ಕಟ್ಟಿದ ಹಗ್ಗ ನೆಲದ ತುಂಬ ಹರಡಿಕೊಂಡಿತ್ತು. ಈರುಳ್ಳಿ ಬುಟ್ಟಿಗೆ ಬಾವಿಗಾಗುವಷ್ಟು ಹಗ್ಗ ಯಾಕೆ ಅಂತ ಮನೆಗೆ ಬಂದವರೆಲ್ಲ ಕೇಳುತ್ತಾರೆ. ನೀವೂ ಕೇಳಿದಿರಿ ಅಂದುಕೊಂಡು ಹೇಳುತ್ತೇನೆ. ಆದರೆ ನೆಟ್ಟಗೆ ಹೇಳಲು ನನಗೆ ಬರುವುದಿಲ್ಲ. 'ಕಮ್ ಟು ದ ಪಾಯಿಂಟ್, ಸುಲೋಚನಾ' ಅಂತ ಕಾನ್ವೆಂಟಿನ ಸಿಸ್ಟರುಗಳೇ ಹೇಳಿ ಹೇಳಿ ಸೋತಿದ್ದಾರೆ.

ಮೊದಲು ಬೆಂಚಿನ ವಿಷಯ. ಧಾರವಾಡದಿಂದ ಅಪ್ಪನಿಗೆ ಪುಣೆಗೆ ವರ್ಗವಾದಾಗ ನನ್ನನ್ನು ಕ್ಯಾಂಪಿನ, ಅಂದರೆ ಅಲ್ಲಿನ ದಂಡುಪ್ರದೇಶದ, ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಇಬ್ಬಿಬ್ಬರಿಗೆ ಒಂದು ಬೆಂಚು. ಉದ್ದದ ಹಲಗೆ, ಆದರೆ ಕಾಲುಗಳು ಎರಡೂ ನಡುವಿನ ಕಡೆಗೆ ಒತ್ತಿಕೊಂಡಿದ್ದವು. ಸಿಸ್ಟರ್ ಬೆನಡಿಕ್ಟಾ ಅವರಿಗೆ ಎಲ್ಲದರಲ್ಲೂ ಬ್ಯಾಲೆನ್ಸ್ ಬೇಕು. ಕ್ಲಾಸಿಗೇ ದಪ್ಪಗಿದ್ದ ನನ್ನ ಪಕ್ಕದಲ್ಲಿ ಕ್ಲಾಸಿಗೇ ತೆಳ್ಳಗಿದ್ದ ಹುಡುಗಿಯನ್ನು ತಂದು ಕೂರಿಸಿದರು. ಅವಳೇ ಥ್ರಿಟಿ. ಪಾರ್ಸಿ ಹುಡುಗಿ. ಪೆನ್ಸಿಲ್‌ನಂಥ ಕಾಲು, ಮೂಗೊಂದು ಮಾತ್ರ ಉದಾರ. ಸಿಸ್ಟರ್ ಏನೋ ಪ್ರಶ್ನೆ ಕೇಳಿದರು, ಥ್ರಿಟಿ ಚಂಗನೆ ಎದ್ದಳು. ಅವಳ ತುದಿ ಮೇಲೆ ಹೋಯಿತು, ನನ್ನ ತುದಿ ನೆಲ ಕಂಡಿತು. ಧಡ್.

ರಿಸೆಸ್ಸಿನಲ್ಲಿ ನಾನು ನಲ್ಲಿಕಟ್ಟೆಯ ಹಿಂದೆ ಅಳುತ್ತ ನಿಂತಿದ್ದಾಗ ಅವಳೇ ಹುಡುಕಿಕೊಂಡು ಬಂದಳು. "ಡೋಂಟ್ ಕ್ರೈ, ಮ್ಯಾನ್" ಅಂದಳು. ಕ್ಯಾಂಪಿನ ಇಂಗ್ಲಿಷಿನಲ್ಲಿ ಹುಡುಗಿಯರೂ ಮ್ಯಾನ್‌ಗಳೇ. "ನಾನು ಒನ್ ಅಂತೀನಿ, ನೀನು ಟೂ ಅನ್ನು. ಇಬ್ಬರೂ ಒಟ್ಟಿಗೆ ಏಳೋಣ. ಸಿಂಪಲ್."

ಸಿಂಪಲ್ ಏನು ಬಂತು! ಅಂದಿನಿಂದ ಸಿಸ್ಟರ್ ಅವಳನ್ನು ಕೇಳಿದರೆ ನಾನೂ ಏಳಬೇಕು.

"ಐ ಆಸ್ಕ್ಡ್ ಥ್ರಿಟಿ, ಸುಲೋಚನಾ."

"ಯೆಸ್, ಸಿಸ್ಟರ್."

"ದೆನ್ ವೈ ಆರ್ ಯೂ ಸ್ಟ್ಯಾಂಡಿಂಗ್?"

ಬೀಳುತ್ತೇನೆಂದು ಹೇಳಲು ಮಾನ ಅಡ್ಡ ಬರುತ್ತಿತ್ತು. ವರ್ಷದ ಕೊನೆಗೆ ನನ್ನ ರಿಪೋರ್ಟಿನಲ್ಲಿ 'ಎ ವೆರಿ ಈಗರ್ ಚೈಲ್ಡ್' ಅಂತ ಬಂತು. ಅಪ್ಪ ಆಫೀಸಿನಲ್ಲಿ ಪೇಢೆ ಹಂಚಿದರು.

ಇನ್ನು ಡಬ್ಬಿಯ ಕಥೆ. ನನ್ನ ತೂಕ ಇಳಿಯಲಿ ಅಂತ ಅಮ್ಮ ಸೌತೆಕಾಯಿ ಕೋಸಂಬರಿ ಮತ್ತು ಒಂದು ಬಡಕಲು ಚಪಾತಿ ಕಟ್ಟುತ್ತಿದ್ದಳು. ಥ್ರಿಟಿ ತುಂಬಿಕೊಳ್ಳಲಿ ಅಂತ ಅವಳ ತಾಯಿ ಬೇಯಿಸಿದ ಮೊಟ್ಟೆ, ಬೆಣ್ಣೆ ಹಚ್ಚಿದ ಬ್ರೆಡ್ಡು, ಖೋವಾ ಹಾಕಿದ ಮಾವಾ ಕೇಕು ಕೊಡುತ್ತಿದ್ದರು. ಥ್ರಿಟಿಗೆ ಕೋಸಂಬರಿ ಅಂದರೆ ಪ್ರಾಣ. ನನಗೆ ಏನು ಪ್ರಾಣ ಅಂತ ನೀವೇ ಊಹಿಸಿ. ಪ್ರತಿದಿನ ಡಬ್ಬಿ ಅದಲುಬದಲು. ಮೊಟ್ಟೆ ನಮ್ಮ ಮನೆಯಲ್ಲಿ ಹೆಸರೆತ್ತುವ ಹಾಗಿರಲಿಲ್ಲ; ಅದಕ್ಕೇ ಅದಕ್ಕಷ್ಟು ರುಚಿ. ಪೇರೆಂಟ್ಸ್ ಡೇ ದಿವಸ ಇಬ್ಬರು ತಾಯಂದಿರೂ ಎದುರಾಗಿ ಹಿಂದಿಯಲ್ಲಿ ದುಃಖ ಹಂಚಿಕೊಂಡರು.

"ಕುಛ್ ನಹೀ ಖಾತೀ ಹೈ, ಫಿರ್ ಭೀ ಐಸೀ!" ಅಂದಳು ನಮ್ಮಮ್ಮ ನನ್ನ ಕಡೆ ತೋರಿಸಿ; ಏನೂ ತಿನ್ನುವುದಿಲ್ಲ, ಆದರೂ ಹೀಗೆ ಅಂತ.

"ಸಬ್ ಕುಛ್ ಖಾತೀ ಹೈ, ಫಿರ್ ಭೀ ಐಸೀ!" ಅಂದರು ಥ್ರಿಟಿಯ ಮಮ್ಮಾ; ಎಲ್ಲ ತಿನ್ನುತ್ತಾಳೆ, ಆದರೂ ಹೀಗೆ ಅಂತ.

ನಾವಿಬ್ಬರೂ ಸೀಲಿಂಗ್ ನೋಡುತ್ತ ನಿಂತಿದ್ದೆವು.

ಕ್ರಿಸ್‌ಮಸ್ ನಾಟಕದಲ್ಲಿ ನನಗೆ ಪ್ರತಿವರ್ಷ ಒಂಟೆಯ ಹಿಂಭಾಗದ ಪಾತ್ರ. ಥ್ರಿಟಿಗೆ ಡೈಲಾಗ್ ಇರುವ ಪಾತ್ರವೇ, ಆದರೆ ಒಳಗೆ ಎರಡು ಸ್ವೆಟರ್ ತೊಡಿಸಿ ಸ್ಟೇಜಿಗೆ ಕಳಿಸುತ್ತಿದ್ದರು, ಇಲ್ಲದಿದ್ದರೆ ಹಿಂದಿನ ಸಾಲಿಗೆ ಕಾಣುವುದಿಲ್ಲ ಅಂತ. ಆ ಸ್ವೆಟರಿನ ಅಭ್ಯಾಸ ಅವಳನ್ನು ಮುಪ್ಪಿನವರೆಗೂ ಬಿಡಲಿಲ್ಲ. ಪುಣೆಯ ಮೇ ತಿಂಗಳ ಬಿಸಿಲಿನಲ್ಲೂ ಮೇಲೊಂದು ಬೂದು ಸ್ವೆಟರ್. ನಾನು ಅವಳ ತೆಳ್ಳನೆ ಮೈ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದೆ. ಅವಳು ಅದೇ ಮೈಯನ್ನು ಉಣ್ಣೆಯಲ್ಲಿ ಬಚ್ಚಿಡುತ್ತಿದ್ದಳು!

ಬಚ್ಚಿಡುವುದರಲ್ಲಿ ನಾನೇನು ಕಡಿಮೆ? ನಮ್ಮ ಮನೆಯ ಫೋಟೋ ಆಲ್ಬಮ್ ತೆಗೆದು ನೋಡಿ. ಒಂದರಲ್ಲಿ ನಾನು ಬಾಳೆಕಂಬದ ಹಿಂದೆ. ಇನ್ನೊಂದರಲ್ಲಿ ಕಾರಿನ ಬಾಗಿಲ ಹಿಂದೆ. ಮತ್ತೊಂದರಲ್ಲಿ ಯಾರದೋ ಮಗುವನ್ನು ಎದೆಗವಚಿಕೊಂಡಿದ್ದೇನೆ. ಮಗು ಯಾರದು ಅಂತ ಇವತ್ತಿಗೂ ಪತ್ತೆಯಿಲ್ಲ. ಲೋಣಾವಳಾ ಪಿಕ್‌ನಿಕ್ಕಿನ ಫೋಟೋದಲ್ಲಂತೂ ಚಿಕ್ಕಿಯ ಡಬ್ಬ ಹಿಡಿದ ಎರಡು ಕೈ ಮಾತ್ರ ನಾನು. ಮದುವೆ ಮನೆಗೆ ಕಾಲಿಟ್ಟ ಕೂಡಲೇ ಧಾರವಾಡದ ಬಳಗದವರು "ಏನ್ ಸುಲೋಚನಾ, ಭಾಳ ಸುಖದಾಗ ಇದ್ದೀ ಅಂತ ಕಾಣತದ" ಅನ್ನುವರು. ಅದರ ಅರ್ಥ ನನಗೂ ಗೊತ್ತು, ಅವರಿಗೂ ಗೊತ್ತು.

ಅದಕ್ಕೆ ನನ್ನ ಹತ್ತಿರ ಒಂದೇ ಔಷಧಿ ಇತ್ತು: 'ಇಳಿದ ಮೇಲೆ'. ಹಳದಿ ಇಳಕಲ್ ಸೀರೆ ಉಡುವುದು ಇಳಿದ ಮೇಲೆ. ಸ್ಟುಡಿಯೋಕ್ಕೆ ಹೋಗಿ ಫೋಟೋ ತೆಗೆಸುವುದು ಇಳಿದ ಮೇಲೆ. ಕುಪ್ಪಸ ಹೊಲಿಸುವಾಗ ಅಳತೆಗಿಂತ ಒಂದು ಬೆರಳು ಬಿಗಿಯಾಗಿಯೇ ಹೊಲಿಸುತ್ತಿದ್ದೆ, ಇನ್ನೇನು ಇಳಿಯುತ್ತೇನಲ್ಲ! ಥ್ರಿಟಿ ಅಲ್ಲಿ ಪ್ರತಿವರ್ಷ ಪಾರ್ಸಿ ಹೊಸವರ್ಷಕ್ಕೆ ಒಂದು ಸೈಜ್ ದೊಡ್ಡ ಫ್ರಾಕ್ ಹೊಲಿಸುತ್ತಿದ್ದಳು. "ದಿಸ್ ಇಯರ್ ಐ ವಿಲ್ ಫಿಲ್ ಇಟ್, ಮ್ಯಾನ್." ನನ್ನ ಟ್ರಂಕಿನಲ್ಲಿ ಹಾಕದ ಕುಪ್ಪಸಗಳು, ಅವಳ ಕಪಾಟಿನಲ್ಲಿ ಜೋಲುವ ಫ್ರಾಕುಗಳು.

ಹೀಗೆ ಮುದುಕಿಯರಾದೆವು. ನನ್ನ ಮದುವೆಯಾಯಿತು, ನಾನು ಊರಿನ ಇನ್ನೊಂದು ತುದಿಯ ಕೋಥರೂಡಿಗೆ ಬಂದೆ, ನಮ್ಮವರು ಹೋದರು. ಥ್ರಿಟಿ ಮದುವೆಯಾಗಲಿಲ್ಲ, ಒಂದು ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾಗಿ ಕ್ಯಾಂಪಿನ ಅದೇ ಹಳೇ ಕಟ್ಟಡದ ಎರಡನೇ ಮಹಡಿಯಲ್ಲೇ ಉಳಿದಳು. ಮರದ ಮೆಟ್ಟಿಲು, ಲಿಫ್ಟಿಲ್ಲ, ಕಟಾಂಜನದ ಬದಲು ಜೋತುಬಿಟ್ಟ ದಪ್ಪ ಹಗ್ಗ. ಅವಳ ಸೊಂಟದ ಮೂಳೆ ಮುರಿದು ಕೂಡಿದ ಮೇಲೆ ಅವಳು ಕೆಳಗಿಳಿಯುವುದು ನಿಂತಿತು. ನನ್ನ ಮೊಣಕಾಲಿನ ದೆಸೆಯಿಂದ ನಾನು ಮೇಲೇರುವುದು ಅದಕ್ಕೂ ಮೊದಲೇ ನಿಂತಿತ್ತು.

ಆದರೆ ಗುರುವಾರದ ಭೇಟಿ ನಿಲ್ಲಲಿಲ್ಲ! ನಾನು ರಿಕ್ಷಾದಲ್ಲಿ ಹೋಗಿ ಬೀದಿಯಲ್ಲಿ ನಿಲ್ಲುವುದು, ಅವಳು ಬಾಲ್ಕನಿಗೆ ಬರುವುದು. ಕ್ಯಾಂಪಿನ ಹಳೇ ಮನೆಗಳಲ್ಲಿ ಬ್ರೆಡ್ಡು ಮಾರುವ ಪಾವ್‌ವಾಲಾ, ಮೊಟ್ಟೆಯವನು ಬಂದರೆ ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾರೆ. ಆ ಬುಟ್ಟಿಯೇ ನಮ್ಮ ಪೋಸ್ಟ್ ಆಫೀಸು. ನಾನು ಅಂಟಿನ ಉಂಡಿ ಇಟ್ಟು ಕಳಿಸುತ್ತಿದ್ದೆ, ಅವಳು ಮಾವಾ ಕೇಕು ಇಳಿಸುತ್ತಿದ್ದಳು. ಮಾತು ಮಾತ್ರ ಬುಟ್ಟಿಯಲ್ಲಿ ಹಿಡಿಯುವುದಿಲ್ಲ, ಕೂಗಬೇಕು. ಟ್ರಾಫಿಕ್ಕಿನಲ್ಲಿ ನನಗೆ ಕೇಳಿಸದಿದ್ದಾಗ ಕೆಳಗಿನ ಛತ್ರಿ ರಿಪೇರಿ ಅಂಗಡಿಯ ಚಾಚಾ ನಡುವೆ ನಿಂತು ತಲುಪಿಸುತ್ತಿದ್ದರು.

"ಮ್ಯಾಡಮ್, ಮೇಮ್‌ಸಾಬ್ ಪೂಛ್ ರಹೀ ಹೈಂ, ಪೇಟ್ ಸಾಫ್ ಹುವಾ ಕ್ಯಾ?"

ಹೊಟ್ಟೆ ಸಾಫಾಯಿತೇ ಅನ್ನುವುದಕ್ಕೆ ಬೀದಿಗೆ ಬೀದಿಯೇ ನನ್ನ ಉತ್ತರ ಕಾಯುತ್ತಿತ್ತು.

ಈ ಏರ್ಪಾಡು ನನಗೆ ಒಪ್ಪಿಗೆಯಾಗಿಯೇ ಇತ್ತು. ಎಲುಬಿನ ಡಾಕ್ಟರು ಮಾತ್ರ "ಕಾಕೂ, ವಜನ ಕಮೀ ಕರಾ, ಗುಡಘೇ ಖೂಷ್ ಹೋತೀಲ" ಅನ್ನುತ್ತಿದ್ದರು. ತೂಕ ಇಳಿಸಿದರೆ ಮೊಣಕಾಲು ಖುಷಿಪಡುತ್ತವಂತೆ. ಮೊಣಕಾಲಿನ ಖುಷಿಗೆ ನಾನು ಮಾವಾ ಕೇಕು ಬಿಡಲೇ? ನಗುತ್ತ ಎದ್ದು ಬರುತ್ತಿದ್ದೆ.

ಒಂದು ಮಳೆಗಾಲದ ಗುರುವಾರ ಬುಟ್ಟಿ ಇಳಿಯಲಿಲ್ಲ. ಕೂಗಿದೆ. ಬಾಲ್ಕನಿಯಲ್ಲಿ ಒದ್ದೆ ಟವೆಲ್ ಮಾತ್ರ ಇತ್ತು.

"ಬುಖಾರ್ ಹೈ ಮೇಮ್‌ಸಾಬ್ ಕೋ" ಅಂದರು ಚಾಚಾ. "ಬಾಹರ್ ನಹೀ ಆತೀ."

ಜ್ವರವೆಂದು ಕೇಳಿ ನಾನು ಮೆಟ್ಟಿಲ ಬುಡಕ್ಕೆ ಹೋದೆ. ಹಗ್ಗ ಹಿಡಿದೆ. ಒಂದು ಮೆಟ್ಟಿಲು ಹತ್ತಿದೆ, ಇನ್ನೊಂದಕ್ಕೆ ಕಾಲಿಟ್ಟಾಗ ಮೊಣಕಾಲು ಕತ್ತರಿಸಿದ ಹಾಗಾಗಿ ಅಲ್ಲೇ ಕುಸಿದು ಕೂತೆ. ಮೇಲಿನಿಂದ ಅವಳು ಕೆಮ್ಮುವುದು ಕೇಳುತ್ತಿತ್ತು. ಅಷ್ಟು ಹತ್ತಿರ! ಅಂಟಿನ ಉಂಡಿಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಆ ಕೆಮ್ಮು ಕೇಳುತ್ತ ಕೂತೆ. ಡಬ್ಬಿಯನ್ನು ಮೇಲೆ ತಲುಪಿಸಲು ಚಾಚಾ ಇದ್ದರು. ನನ್ನನ್ನು ತಲುಪಿಸುವವರು ಯಾರು? ಅವಳಿಗೆ ಏನಾದರೂ ಆದರೆ ನಾನು ಬೀದಿಯಲ್ಲೇ ನಿಂತಿರುತ್ತೇನೆ, ಬಾಲ್ಕನಿ ನೋಡುತ್ತ. ಸೀರೆ ಕಾದೀತು, ಫೋಟೋ ಕಾದೀತು. ಥ್ರಿಟಿ 'ಇಳಿದ ಮೇಲೆ'ವರೆಗೆ ಕಾಯುತ್ತಾಳೆಯೇ?

ಮನೆಗೆ ಬಂದವಳೇ ಮೇಘನಾಳನ್ನು ಹಿಡಿದೆ. ಮೇಘನಾ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮೊಮ್ಮಗಳು. ಇಲ್ಲಿ ಪುಣೆಯ ಖರಾಡಿಯ ಐಟಿ ಕಂಪನಿಯಲ್ಲಿ ಕೆಲಸ, ನನ್ನ ಮನೆಯಲ್ಲಿ ವಾಸ. ಕೈಗೆ ಕಟ್ಟಿದ ಗಡಿಯಾರ ಅವಳಿಗೆ ಎಷ್ಟು ನಡೆದೆ, ಎಷ್ಟು ನಿದ್ದೆ ಮಾಡಿದೆ ಅಂತೆಲ್ಲ ಚಾಡಿ ಹೇಳುತ್ತದೆ.

"ನನಗ ಎರಡು ಮಾಳಿಗಿ ಹತ್ತಬೇಕಾಗೇದ" ಅಂದೆ. "ದೀಪಾವಳಿ ಒಳಗ. ಏನ್ ಮಾಡಬೇಕು ಹೇಳು."

"ಅಜ್ಜಿ! ಸೀರಿಯಸ್ಸಾ?" ಅವಳ ಕಣ್ಣು ಅರಳಿತು. "ಓಹ್ ಮೈ ಗಾಡ್, ಪ್ರಾಜೆಕ್ಟ್ ಥ್ರಿಟಿ ಆಂಟಿ! ಮೊದಲು ಡಾಕ್ಟರ್ ಹತ್ರ ಹೋಗೋಣ, ನೀವಾಗೇ ಏನೂ ಶುರು ಮಾಡ್ಬೇಡಿ."

ಈ ಸಲ ನಾನು ಎದ್ದು ಬರಲಿಲ್ಲ; ಡಾಕ್ಟರು ಸಿಹಿ, ಕರಿದದ್ದು ಬಿಡಿಸಿ ಕುರ್ಚಿ ತೋರಿಸಿದರು. ವ್ಯಾಯಾಮ ಏನು ಗೊತ್ತೇ? ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಮತ್ತೆ ಏಳುವುದು. ನನಗೆ ನಗು ತಡೆಯಲಾಗಲಿಲ್ಲ. ಏಳುವುದನ್ನು ನಾನು ಸಿಸ್ಟರ್ ಬೆನಡಿಕ್ಟಾ ಅವರ ಕ್ಲಾಸಿನಲ್ಲೇ ಪ್ರ್ಯಾಕ್ಟೀಸ್ ಮಾಡಿದವಳಲ್ಲವೆ! ಮನೆಗೆ ಬಂದು ಕುರ್ಚಿಯಲ್ಲಿ ಕೂತು "ಒನ್" ಅಂದೆ, "ಟೂ" ಅಂದೆ. ಮೊದಲ ವಾರ ಟೂ ಆದ ಮೇಲೂ ನಾನು ಕುರ್ಚಿಯಲ್ಲೇ ಇದ್ದೆ. ಆಮೇಲೆ ಒಂದು ಸಂಜೆ, ನೋಡುತ್ತೇನೆ, ನಿಂತಿದ್ದೇನೆ! ಕೈ ಎರಡೂ ಗಾಳಿಯಲ್ಲಿವೆ! ಮೇಘನಾ ಶಿಳ್ಳೆ ಹೊಡೆದಳು. ಪಕ್ಕದ ಮನೆಯ ಜೋಶಿ ಕಾಕಾ "ಕಾಯ ಝಾಲಂ?", ಏನಾಯಿತು ಅಂತ ಬಾಗಿಲು ಬಡಿದರು.

ಹೀಗೆ ನಾನು ಇಳಿಯುತ್ತಿರುವಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಮೇಘನಾ ಉಣ್ಣುತ್ತಿರಲಿಲ್ಲ. ತಟ್ಟೆಯಲ್ಲಿ ಸೌತೆಕಾಯಿ, ಮಗ್ಗಿನಲ್ಲಿ ಕರಿ ಕಾಫಿ. ಫೋನಿನಲ್ಲಿ ತನ್ನ ಫೋಟೋ ತೆಗೆಯುವುದು, ಹಿಗ್ಗಿಸಿ ನೋಡುವುದು, ಅಳಿಸುವುದು.

"ಯಾಕವಾ ಅಳಸ್ತೀ? ಛಂದ ಬಂದದಲ್ಲ."

"ತೋಳು ದಪ್ಪ ಕಾಣ್ತಿದೆ ಅಜ್ಜಿ. ಫ್ರೆಂಡ್ ಮದ್ವೆಗೆ ಸ್ಲೀವ್‌ಲೆಸ್ ಹಾಕ್ಬೇಕು. ಸ್ವಲ್ಪ ಇಳಿದ್ಮೇಲೆ ತೆಗೀತೀನಿ."

ಅದೇ ಮಾತು, ನನ್ನದೇ ಮಾತು, ಬೆಂಗಳೂರಿನ ಕನ್ನಡದಲ್ಲಿ! ಬುದ್ಧಿ ಹೇಳಿದರೆ ಈಗಿನವರಿಗೆ ಹಿಡಿಸುವುದಿಲ್ಲ. ಅದಕ್ಕೆ ಡೀಲ್ ಮಾಡಿದೆ.

"ನೋಡು, ನಮ್ಮ ಬಿಲ್ಡಿಂಗಿನ ಮೆಟ್ಲು ನಾ ಒಂದು ಮಾಳಿಗಿ ಹತ್ತತೀನಿ. ನೀ ಒಂದು ಜ್ವಾಳದ ಭಕ್ರಿ ತಿನ್ನು. ನಾ ಹತ್ತಲಿಲ್ಲಾ ಅಂದ್ರ ನೀ ತಿನ್ನಬ್ಯಾಡ."

"ಇದು ಬ್ಲ್ಯಾಕ್‌ಮೇಲ್ ಅಜ್ಜಿ."

"ಹೌದು. ಕಾನ್ವೆಂಟಿನಾಗ ಕಲ್ತದ್ದು."

ಹುಡುಗಿ ನಕ್ಕಳು. ನಾನು ಹತ್ತಿದೆ, ಅವಳು ತಿಂದಳು. ಝುಣಕದ ಜೊತೆಗೆ ತಿಂದಳು, ಎಣಗಾಯಿಯ ಜೊತೆಗೆ ತಿಂದಳು, ಆಮೇಲೆ ಡೀಲ್ ಮರೆತು ತಿಂದಳು. ಜ್ವರ ಬಿಟ್ಟ ಮೇಲೆ ಥ್ರಿಟಿಯೂ ಬಾಲ್ಕನಿಗೆ ಬರತೊಡಗಿದ್ದಳು. ತೂಕ ಇಳಿಸುತ್ತಿರುವ ಸುದ್ದಿ ಕೂಗಿ ಹೇಳಿದೆ. ಮುಂದಿನ ಗುರುವಾರ ಬುಟ್ಟಿಯಲ್ಲಿ ಮಾವಾ ಕೇಕಿನ ಬದಲು ಕೆಂಪು ರಿಬ್ಬನ್ ಕಟ್ಟಿದ ಒಂದೇ ಒಂದು ಸೌತೆಕಾಯಿ ಇಳಿಯಿತು.

"ನೀನು ನಿನ್ನ ಉಂಡಿ ತಿನ್ನು!" ಅಂತ ಕೂಗಿದೆ. "ಡೋಂಟ್ ಗಿವ್ ಇಟ್ ಟು ದ ನೇಬರ್ಸ್!"

"ಉಂಡಿ ಭಾಳ ಚಲೋ!" ಅಂತ ಮೇಲಿನಿಂದ ಬಂತು. ಅವಳಿಗೆ ಬರುತ್ತಿದ್ದ ಕನ್ನಡವೆಲ್ಲ ನಮ್ಮ ಡಬ್ಬಿಯಿಂದ ಕಲಿತದ್ದು.

ತೂಕ ಎಷ್ಟು ಇಳಿಯಿತು ಅಂತ ಕೇಳುತ್ತೀರಿ. ನಾನು ತೂಕದ ಕಾಟಾ ಮೇಲೆ ನಿಲ್ಲಲಿಲ್ಲ. ಜೀವನವಿಡೀ ನಿಂತದ್ದು ಸಾಕಾಗಿತ್ತು. ಬಳೆ ಮೊಣಕೈವರೆಗೆ ಸರಿಯತೊಡಗಿತು, ಚಪ್ಪಲಿಯ ಪಟ್ಟಿ ನಾನೇ ಬಗ್ಗಿ ಹಾಕಿಕೊಳ್ಳತೊಡಗಿದೆ. ಟ್ರಂಕಿನ ಕುಪ್ಪಸಗಳು ಮಾತ್ರ ಆಗಲೂ ಮೈಗೆ ಆಗಲಿಲ್ಲ. ಒಂದರ ಮೇಲೊಂದು ಎಲ್ಲ ಪ್ರಯತ್ನಿಸಿ, ಕೊನೆಗೆ ಇರುವ ಮೈಗೆ ಸರಿಯಾಗಿ ಒಂದು ಹೊಸದು ಹೊಲಿಸಿದೆ. ಹಳದಿ ಇಳಕಲ್ಲಿಗೆ ಮ್ಯಾಚಿಂಗ್.

ದೀಪಾವಳಿಗೆ ಮೊದಲಿನ ಗುರುವಾರ ಆ ಸೀರೆ ಉಟ್ಟು ಹೊರಟೆ. ಮೇಘನಾ ಆಫೀಸಿಗೆ ರಜೆ ಹಾಕಿ ಮಡಚುವ ಸ್ಟೂಲ್ ಹಿಡಿದು ಬಂದಳು. ಚಾಚಾ ಛತ್ರಿ ಬಿಟ್ಟು ಎದ್ದು ನಿಂತರು.

"ನಾನು ಹಿಂದೆ ಇರ್ತೀನಿ ಅಜ್ಜಿ, ಹೆದರ್ಬೇಡಿ."

"ನೀ ಹಿಂದ ಇದ್ದು ನಾ ನಿನ್ನ ಮ್ಯಾಲ ಬಿದ್ದರ ನಿಮ್ಮಪ್ಪಗ ಏನ್ ಹೇಳ್ಲಿ? ಮುಂದ ನಡಿ!"

ಹಗ್ಗ ಹಿಡಿದೆ. ಒಳ್ಳೆಯ ಕಾಲು ಮೊದಲು, ಕೆಟ್ಟ ಕಾಲು ಆಮೇಲೆ. ಮೆಟ್ಟಿಲು ಕಿರ್ರ್ ಅಂತ ನರಳಿತು. ಮೊದಲನೇ ಮಹಡಿಗೆ ಬಂದು ಸ್ಟೂಲಿನ ಮೇಲೆ ಕೂತೆ. ಬೆವರು, ಏದುಸಿರು, ಎದೆಯಲ್ಲಿ ಬ್ಯಾಂಡ್ ಬಾಜಾ. ಮೇಲಿನಿಂದ ದನಿ ಬಂತು.

"ಸುಲೂ! ಈಸ್ ದಟ್ ಯೂ, ಆರ್ ಈಸ್ ದ ಬಿಲ್ಡಿಂಗ್ ಫಾಲಿಂಗ್?"

"ಬೋತ್!" ಅಂತ ಕೂಗಿ ಎದ್ದೆ.

ಬಾಗಿಲಲ್ಲಿ ಅವಳು ವಾಕರ್ ಹಿಡಿದು ನಿಂತಿದ್ದಳು. ಎಷ್ಟೋ ವರ್ಷಗಳಿಂದ ನಾನು ಅವಳನ್ನು ಕೆಳಗಿನಿಂದ ಮಾತ್ರ ನೋಡಿದ್ದು: ಗದ್ದ, ಮೂಗಿನ ಹೊಳ್ಳೆ, ಬೂದು ಸ್ವೆಟರಿನ ಕಾಲರು. ಹತ್ತಿರದಿಂದ ಅವಳ ಮುಖ ಅಂಗೈಯಷ್ಟೇ ಇತ್ತು. ಅವಳೂ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ವೇರ್ ಈಸ್ ದ ರೆಸ್ಟ್ ಆಫ್ ಯೂ, ಮ್ಯಾನ್?"

"ಕೆಳಗೆ ಬಿಟ್ಟು ಬಂದೆ. ಚಾಚಾ ನೋಡಿಕೊಳ್ಳುತ್ತಾರೆ."

ಅಪ್ಪಿಕೊಂಡೆವು. ಸ್ವೆಟರಿನ ಕೆಳಗೆ ಇನ್ನೊಂದು ಸ್ವೆಟರ್, ಅದರ ಕೆಳಗೆ ಇನ್ನೊಂದು. ಎಷ್ಟೋ ಹೊತ್ತಿಗೆ ಥ್ರಿಟಿ ಸಿಕ್ಕಳು, ಹಕ್ಕಿಯಷ್ಟು.

ಬಾಲ್ಕನಿಯ ಮರದ ಬೆಂಚಿನ ಮೇಲೆ ಕೂತೆವು. ಮೇಘನಾ ಫೋನ್ ಎತ್ತಿದಾಗ ಅಭ್ಯಾಸಬಲದಿಂದ ನನ್ನ ಕೈ ಹೂಕುಂಡಕ್ಕೆ ಹೋಯಿತು, ಎತ್ತಿ ಎದುರಿಗೆ ಇಟ್ಟುಕೊಳ್ಳಲು. ಥ್ರಿಟಿ ನನ್ನ ಕೈ ಮೇಲೆ ಹೊಡೆದಳು. "ಪುಟ್ ಇಟ್ ಡೌನ್!" "ಹಾಗಾದರೆ ನೀನು ಸ್ವೆಟರ್ ತೆಗಿ" ಅಂದೆ. ಅವಳು ಗುಂಡಿ ಬಿಚ್ಚಿದಳು. ಒಂದು ಸ್ವೆಟರ್ ಹೋಯಿತು, ಎರಡು ಹೋಯಿತು, ಮೂರನೆಯದೂ ಹೋಯಿತು. ಹೂವಿನ ಫ್ರಾಕು, ಕಡ್ಡಿ ತೋಳು. ಆ ಫೋಟೋ ಈಗ ನನ್ನ ಪಡಸಾಲೆಯ ಗೋಡೆಯ ಮೇಲಿದೆ. ನನ್ನ ಹೊಟ್ಟೆಯೂ ಇದೆ, ಅವಳ ಕೊರಳೆಲುಬೂ ಇದೆ, ಎದುರಿಗೆ ಏನೂ ಇಲ್ಲ. ಅದರ ಪಕ್ಕದಲ್ಲಿ ಮೇಘನಾ ಸ್ಲೀವ್‌ಲೆಸ್‌ನಲ್ಲಿ ಗೆಳತಿಯ ಮದುವೆಯಲ್ಲಿ ನಗುತ್ತಿದ್ದಾಳೆ. ಇಳಿದ ಮೇಲೆ ಅಲ್ಲ, ಭಕ್ರಿ ತಿಂದ ಮೇಲೆ.

ಆಮೇಲೆ ಪ್ರತಿ ಗುರುವಾರ ಹತ್ತಿದೆ. ಸ್ಟೂಲು ಕೂಡ ಬಿಟ್ಟುಬಿಟ್ಟೆ! ಚಳಿ ಮುಗಿಯುವ ಮೊದಲೇ ಒಂದು ಬೆಳಗಿನ ಜಾವ ಥ್ರಿಟಿ ನಿದ್ದೆಯಲ್ಲೇ ಹೋದಳು. ಅವಳ ಅಣ್ಣನ ಮಗ ಫೋನ್ ಮಾಡಿ ಹೇಳಿದ. ಅತ್ತುಬಿಟ್ಟೆ. ಆದರೆ ಬೀದಿಯಲ್ಲಿ ನಿಂತು ಅಳಲಿಲ್ಲ. ಅಷ್ಟರಮಟ್ಟಿಗೆ ನನ್ನ ಮೊಣಕಾಲಿಗೆ ನಾನು ಋಣಿ.

ಅದಕ್ಕೆ ಹಿಂದಿನ ಗುರುವಾರ ಎಂದಿನಂತೆ ಹರಟೆ ಹೊಡೆದು ಹೊರಡುವಾಗ ಅವಳು "ಒನ್" ಅಂದಳು, ನಾನು "ಟೂ" ಅಂದೆ, ಬೆಂಚಿನಿಂದ ಇಬ್ಬರೂ ಒಟ್ಟಿಗೆ ಎದ್ದೆವು. ಏಡಿಯ ಹಾಗೆ ಅಡ್ಡಡ್ಡಲಾಗಿ ಮೆಟ್ಟಿಲಿಳಿದು ಬೀದಿಗೆ ಬಂದೆ. ರಿಕ್ಷಾಕ್ಕೆ ಕೈ ಮಾಡುತ್ತಿದ್ದಾಗ ಮೇಲಿನಿಂದ "ಸುಲೂ!" ಅಂತ ಕೇಳಿಸಿತು. ಬುಟ್ಟಿ ಇಳಿದು ಬರುತ್ತಿತ್ತು. ಒಳಗೆ ಸಿಪ್ಪೆ ಸಮೇತ ಎರಡು ಬೇಯಿಸಿದ ಮೊಟ್ಟೆ, ಇನ್ನೂ ಬೆಚ್ಚಗೆ. ಅವನ್ನು ತೆಗೆದುಕೊಂಡು ಬುಟ್ಟಿ ಎಳೆದುಕೊಳ್ಳಲಿ ಅಂತ ಹಗ್ಗ ಜಗ್ಗಿ ಸನ್ನೆ ಮಾಡಿದೆ. ಅವಳು ಎಳೆದುಕೊಳ್ಳಲಿಲ್ಲ. ಹಗ್ಗದ ತುದಿಯನ್ನೇ ಕೈಬಿಟ್ಟಳು. ಅದು ಸುರುಳಿ ಸುರುಳಿಯಾಗಿ ನನ್ನ ಹೆಗಲ ಮೇಲೆ, ತೋಳಿನ ಮೇಲೆ ಬಿದ್ದಿತು. ಚಾಚಾ ಗಾಬರಿಯಾಗಿ ಓಡಿಬಂದರು.

"ಕೀಪ್ ಇಟ್, ಮ್ಯಾನ್!" ಅಂತ ಕೂಗಿದಳು. "ಈಗ ನೀನೇ ಮೇಲೆ ಬರ್ತೀಯಲ್ಲ, ನನಗ್ಯಾಕೆ ಇದು?"

ತಲೆಯೆತ್ತಿ ನೋಡಿದೆ. ಸ್ವೆಟರಿಲ್ಲದ ತೋಳು, ಬರಿಗೈ ಎರಡನ್ನೂ ಬಿಸಿಲಿಗೆತ್ತಿ, ಥ್ರಿಟಿ ನನಗೆ ಟಾಟಾ ಮಾಡುತ್ತಿದ್ದಳು.